ಗಿರಿಜಕ್ಕನ ಜ್ವರದ ಹೆಸರು

ನಿನ್ನ ಅಮ್ಮನ ಜ್ವರ ಯಾವುದೆಂದು ನನಗೆ ಎರಡನೆಯ ದಿನವೇ ಗೊತ್ತಾಗಿತ್ತು, ಸುಮತಿ. ಗೊತ್ತಿದ್ದೂ ಸುಮ್ಮನಿದ್ದೆ. ಒಂದು ದಿನವಲ್ಲ, ನಾಲ್ಕು ದಿನ. ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು ಎಂದರೆ — ಥೂ, ನನ್ನ ಜನ್ಮಕ್ಕೆ.

ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ಚಾರ್ಮಾಡಿ ಘಾಟಿಯ ಕೆಳಗಿನ ನಮ್ಮ ಊರಿನಲ್ಲಿ ನಾನು ಆರೋಗ್ಯ ಕೇಂದ್ರದ ತಾತ್ಕಾಲಿಕ ನೌಕರ. ಕಾಡಂಚಿನ ಮನೆಗಳಿಗೆ ಹೋಗಿ ಜ್ವರ ವಿಚಾರಿಸುವುದು, ಎಲ್ಲಾದರೂ ಮಂಗ ಸತ್ತಿದೆಯೇ ಎಂದು ನೋಡಿ ಶನಿವಾರ ವರದಿ ಕೊಡುವುದು — ಇಷ್ಟೇ ಕೆಲಸ. ಸತ್ತ ಮಂಗನ ಮೈಯಿಂದ ಇಳಿದ ಉಣುಗು ಮನುಷ್ಯರಿಗೆ ಕಚ್ಚಿದರೆ ಮಂಗನ ಕಾಯಿಲೆ ಬರುತ್ತದೆ ಎಂದು ತರಬೇತಿಯಲ್ಲಿ ಬಾಯಿಪಾಠ ಮಾಡಿಸಿದ್ದರು.

ನಿಮ್ಮ ದನದ ಹಟ್ಟಿಯ ಹಿಂದೆ ಮಂಗ ಸತ್ತು ಬಿದ್ದ ವಾರ ನಾನು ಆ ಕಡೆ ಬರಲೇ ಇಲ್ಲ. ಬೆಳ್ತಂಗಡಿ ಹತ್ತಿರ ಕೋಳಿ ಅಂಕ ಇತ್ತು, ಹುಂಜಗಳ ಕಾಳಗ ನೋಡುತ್ತ ಅಲ್ಲಿದ್ದೆ. ‘ಮಂಗಗಳ ಸಾವು ಇಲ್ಲ’ ಎಂದು ಮನೆಯಲ್ಲೇ ಕೂತು ಬರೆದು ಕೊಟ್ಟೆ. ಇತ್ತ ಊರವರು ಹನುಮಂತ ದೇವರೆಂದು ಆ ಮಂಗನಿಗೆ ಸ್ನಾನ ಮಾಡಿಸಿ, ಬಿಳಿ ಬಟ್ಟೆ ಸುತ್ತಿ, ದಾಸವಾಳ ಇಟ್ಟು ಮಣ್ಣು ಮಾಡಿದ್ದರು. ಮೈ ತೊಳೆದವರು ನಿನ್ನ ಅಮ್ಮ. ನನಗೆ ಸುದ್ದಿ ಗೊತ್ತಾಗುವಾಗ ವರದಿ ಹೋಗಿ ಆಗಿತ್ತು. ನಾನು ಇದ್ದಿದ್ದರೆ ಮುಟ್ಟಬೇಡಿ ಎನ್ನುತ್ತಿದ್ದೆ. ಎನ್ನುತ್ತಿದ್ದೆನೋ — ಹಿರಿಯರ ಎದುರು ಬಾಯಿ ಬರುತ್ತಿತ್ತೋ ಇಲ್ಲವೋ — ಇರಲಿ.

ವಾರ ಕಳೆಯುವಾಗ ಜ್ವರ ಬಂತು. ನಿನ್ನ ಅಪ್ಪ ಸೌದಿಯಲ್ಲಿದ್ದರು, ಮನೆಯಲ್ಲಿ ದೊಡ್ಡವರೆಂದರೆ ಅವರ ಅಕ್ಕ, ನಿನ್ನ ಅತ್ತೆ ಮಾತ್ರ. ಮದ್ದಿನ ವಿಷಯಕ್ಕೆ ನಿಮ್ಮ ಮನೆಗೆ ನಾನೇ ದಿಕ್ಕು. ನೋಡಲು ಬಂದೆ. ಕಣ್ಣು ಕೆಂಪಗೆ, ತಲೆ ಎತ್ತಲಾಗದಷ್ಟು ನೋವು, ಮೀನಖಂಡ ಮುಟ್ಟಿದರೆ ಚೀರುತ್ತಿದ್ದರು, ವಸಡಿನಲ್ಲಿ ರಕ್ತ. ಕಲಿತದ್ದೆಲ್ಲ ಒಂದೂ ಬಿಡದೆ ಕಣ್ಣೆದುರು ಮಲಗಿತ್ತು. ಅವರೇ ಕೇಳಿದರು ಸುಮತಿ, ಅವರೇ!

“ವಾಮನಣ್ಣ, ಇದು ಮಂಗನ ಕಾಯಿಲೆ ಅಲ್ಲ ಅಲ್ವಾ?”

ನಾನು ನಕ್ಕೆ. “ಎಂಥದ್ದೂ ಇಲ್ಲ ಗಿರಿಜಕ್ಕ, ಬಿಸಿಲಿನ ಜ್ವರ. ಮಾತ್ರೆ ಕೊಡ್ತೇನೆ, ಎರಡು ದಿನ ಮಲಗಿ.”

ಪರೀಕ್ಷೆಗೆ ರಕ್ತ ಕಳಿಸಿದರೆ ಮೊದಲು ಕೇಳುವುದೇ ಹತ್ತಿರ ಮಂಗ ಸತ್ತಿತ್ತೇ ಎಂದು. ನನ್ನ ಸುಳ್ಳು ವರದಿ ಹೊರಬೀಳುತ್ತಿತ್ತು, ಕೆಲಸ ಹೋಗುತ್ತಿತ್ತು. ಅಷ್ಟಕ್ಕೇ. ಅಷ್ಟಕ್ಕೇ ದಿನಾ ಬಂದು ಮಾತ್ರೆ ಕೊಟ್ಟು ಹೋದೆ.

ಆರನೆಯ ದಿನ ಅವರು ಏನೇನೋ ಬಡಬಡಿಸತೊಡಗಿದ ಮೇಲೆ ಜೀಪು ತರಿಸಿ ಮಂಗಳೂರಿಗೆ ಹೊರಟೆ. ಫರಂಗಿಪೇಟೆ ದಾಟುವಾಗ ಒಮ್ಮೆ ಎಚ್ಚರವಾಗಿ, “ಮಗಳು ಶಾಲೆಯಿಂದ ಬಂದಿರ್ತಾಳೆ, ಊಟ ಉಂಟು ಅಂತ ಹೇಳಿ” ಎಂದರು. ಮಂಗಳೂರಿನ ಆಸ್ಪತ್ರೆಯ ಡಾಕ್ಟರು ನನ್ನ ಮುಖ ನೋಡಿ, “ಇಷ್ಟು ದಿನ ಎಂಥ ಮಾಡ್ತಿದ್ರಿ?” ಎಂದು ಕೇಳಿದರು. ಅಲ್ಲೂ ಮಂಗನ ವಿಷಯ ಬಾಯಿ ಬಿಡಲಿಲ್ಲ. ಎರಡು ದಿನದಲ್ಲಿ ಗಿರಿಜಕ್ಕ ಹೋದರು. ಮೆದುಳು ಜ್ವರ ಎಂದು ಬರೆದುಕೊಟ್ಟರು.

ಆ ಕಾಯಿಲೆಗೆ ಮದ್ದೇ ಇಲ್ಲ, ಮೊದಲೇ ಕರೆದೊಯ್ದಿದ್ದರೂ ಅಷ್ಟೇ ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡೆ. ಹೊತ್ತಿಗೆ ಸರಿಯಾಗಿ ಡ್ರಿಪ್ ಹಾಕಿ ನೋಡಿಕೊಂಡರೆ ಹೆಚ್ಚಿನವರು ಬದುಕುತ್ತಾರೆ ಎಂಬುದನ್ನೂ ಅದೇ ತರಬೇತಿಯಲ್ಲಿ ಕಲಿಸಿದ್ದರು.

ಇದಕ್ಕಿಂತ ದೊಡ್ಡ ಪಾಪ ಮಾಡಿದ್ದು ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ. ನೀನು ಅಲ್ಲಿ ಕಾಲೇಜಿಗೆ ಸೇರಿದ ವರ್ಷ. ನನ್ನನ್ನು ಕಂಡು ಓಡಿ ಬಂದೆ. ಅದೂ ಇದೂ ಮಾತಾಡಿ, ಕೊನೆಗೆ ತಲೆ ತಗ್ಗಿಸಿ ಕೇಳಿದೆ.

“ಮಾಮ, ಅಮ್ಮ ಜ್ವರದಲ್ಲಿ ನೀರು ನೀರು ಅಂತಿದ್ರು. ಯಾರೂ ಕೊಡ್ಲಿಲ್ಲ. ನಾನು ಕದ್ದು ಬಾವಿನೀರು ಕುಡಿಸ್ತಿದ್ದೆ. ತಣ್ಣೀರು ಕೊಟ್ಟು ಸನ್ನಿ ಬರಿಸಿ ಕೊಂದದ್ದು ನೀನೇ ಅಂತ ಅತ್ತೆ ಈಗಲೂ ಹೇಳ್ತಾರೆ. ಹೌದಾ ಮಾಮ?”

ಒಂದೇ ಒಂದು ‘ಅಲ್ಲ’ ಸಾಕಿತ್ತು. ಅಲ್ಲ ಎಂದರೆ ಮತ್ತೆ ಯಾಕೆ ಸತ್ತರು ಎಂದು ಕೇಳುತ್ತೀ ಎಂಬ ಹೆದರಿಕೆ. “ಹಳೆಯದೆಲ್ಲ ಯಾಕೆ ಮಗಾ, ಬಿಡು” ಎಂದು ಹೊರಟಿದ್ದ ಬಸ್ಸು ಹತ್ತಿಬಿಟ್ಟೆ. ಕಿಟಕಿಯಿಂದ ನೋಡಿದೆ. ನೀನು ಅಲ್ಲೇ ನಿಂತಿದ್ದೆ.

ಅಲ್ಲ, ಸುಮತಿ. ಅಲ್ಲವೇ ಅಲ್ಲ. ಆ ಜ್ವರಕ್ಕೆ ನೀರು ಬೇಕೇ ಬೇಕು. ತರಬೇತಿ ಪಡೆದ ನಾನು ಸುಳ್ಳು ಹೇಳಿ ಕೂತಿದ್ದಾಗ, ನಿನ್ನ ಅಮ್ಮನಿಗೆ ಸರಿಯಾದ ಆರೈಕೆ ಮಾಡಿದ್ದು ಒಂಬತ್ತು ವರ್ಷದ ನೀನೊಬ್ಬಳೇ.

ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ. ಈ ಕಾಗದ ನಿನ್ನ ಅಪ್ಪನಿಗೆ ತೋರಿಸು. ಭಾನುವಾರ ನಾನೂ ಬರುತ್ತೇನೆ. ಬಾಗಿಲು ತೆಗೆಯದಿದ್ದರೆ ಬೇಡ, ಅಂಗಳದಲ್ಲಿ ನಿಂತೇ ನಿನ್ನ ಅತ್ತೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿ ಹೋಗುತ್ತೇನೆ.