ಬಾಗಿಲ ಪಕ್ಕದ ಸೀಟು

ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟೇ ಬೇಕೆಂದು ಹಟ ಹಿಡಿಯುವ ನಡುವಯಸ್ಸಿನ ಗೃಹಸ್ಥರನ್ನು ಕಂಡರೆ ದಯವಿಟ್ಟು ನಗಬೇಡಿ. ಅವರು ನನ್ನ ಕುಲಬಾಂಧವರಿರಬಹುದು. ಜಮಖಂಡಿಯಿಂದ ಬನಹಟ್ಟಿಯವರೆಗೆ ಯಾವ ಶೌಚಾಲಯಕ್ಕೆ ಚಿಲಕವಿದೆ, ಯಾವುದಕ್ಕೆ ನೀರಿಲ್ಲ ಎಂಬ ಭೂಗೋಳದಲ್ಲಿ ನನ್ನಷ್ಟು ಪಾಂಡಿತ್ಯ ಗಳಿಸಿದವರು ವಿರಳ. ಈ ವಿದ್ಯೆ ಕಲಿಸಿದ ಗುರು ನನ್ನ ದೊಡ್ಡ ಕರುಳು. ಹತ್ತು ವರ್ಷಗಳಿಂದ ಅದಕ್ಕೆ ಹುಣ್ಣು, ಉರಿಯೂತ. ಕೆರಳಿದಾಗ ರಕ್ತಪಾತ, ತಣಿದಾಗ ಋಷಿಮೌನ.

ಆ ಮೌನವನ್ನೇ ನಾನು ಆರೋಗ್ಯವೆಂದು ನಂಬಿದ್ದೆ. ವೈದ್ಯರು ಮಾತ್ರ, ಇಷ್ಟು ವರ್ಷ ಉರಿದ ಕರುಳಿನಲ್ಲಿ ಕ್ಯಾನ್ಸರ್ ಹುಟ್ಟುವ ಸಂಭವ ಉಳಿದವರಿಗಿಂತ ಹೆಚ್ಚು, ಆದ್ದರಿಂದ ನೋವಿಲ್ಲದಿದ್ದರೂ ಕಾಲಕಾಲಕ್ಕೆ ಕ್ಯಾಮೆರಾ ನಳಿಕೆ ಹಾಕಿ ನೋಡಲೇಬೇಕು ಎಂದು ಚೀಟಿ ಬರೆದುಕೊಟ್ಟರು. ಚಿಂತೆಯನ್ನೇ ಕಸುಬಾಗಿಸಿಕೊಂಡ ನಾನು ಅದನ್ನು ಪಂಚಾಂಗದೊಳಗಿಟ್ಟು ಎರಡು ವರ್ಷ ಚಿಂತಿಸಿದೆನೇ ಹೊರತು ಹೋಗಲಿಲ್ಲ. ನೋಡದಿದ್ದದ್ದು ಇಲ್ಲವೇ ಇಲ್ಲ ಎಂಬುದು ನನ್ನ ಸ್ವಂತ ವೇದಾಂತ.

ಅದನ್ನು ಮುರಿದವಳು ರಬಕವಿಯ ನಮ್ಮಕ್ಕ. ಅವಳ ಕೈಮಗ್ಗದ ಪಕ್ಕ ಕುಳಿತು ದುಃಖ ತೋಡಿಕೊಳ್ಳುತ್ತಿದ್ದೆ. ಸರಾಗವಾಗಿ ನಡೆದಿದ್ದ ಮಗ್ಗವನ್ನು ಇದ್ದಕ್ಕಿದ್ದಂತೆ ನಿಲ್ಲಿಸಿ, ಮಗ್ಗದುದ್ದಕ್ಕೂ ಬಿಗಿದಿದ್ದ ಹಾಸಿನ ಎಳೆಗಳ ಮೇಲೆ ಅಂಗೈ ಆಡಿಸತೊಡಗಿದಳು.

“ಏನಾತಕ್ಕಾ, ಎಳಿ ಹರೀತೇನು?”

“ಹರದಿಲ್ಲ. ಹರದೈತೇನಂತ ನೋಡಾಕತ್ತೇನಿ. ಈಗ ಕಂಡ್ರ ಒಂದ ಗಂಟ ಹಾಕಿದ್ರ ಆತು. ಸೀರಿ ಮುಗದ ಮ್ಯಾಲ ಕಂಡ್ರ ಉದ್ದಕ್ಕೂ ಗೀರ.” ಕೈ ನಿಲ್ಲಿಸದೆ ನನ್ನತ್ತ ತಿರುಗಿದಳು. “ನೂಲಿಗೆ ನಾ ಇಷ್ಟ ಮರ್ಯಾದಿ ಕೊಡ್ತೇನಿ. ನಿನ್ನ ಕರಳಿಗೆ ನೀ ಅಷ್ಟೂ ಕೊಡಂಗಿಲ್ಲಲ್ಲೋ, ಅಂಜಬುರುಕ!”

“ಕ್ಯಾನ್ಸರ್ ಐತಿ ಅಂದ್ರ?”

“ನೀ ನೋಡ್ಲಿಲ್ಲಂದ್ರ ಅದು ನಾಚಿ ಓಡಿ ಹೋಗತೈತೇನಲೇ?”

ಮರುವಾರವೇ ಹೋದೆ. ಹಿಂದಿನ ದಿನ ಕುಡಿಸಿದ ಭೇದಿಯ ಔಷಧವು ಆಣೆಕಟ್ಟಿನ ಗೇಟುಗಳನ್ನೆಲ್ಲ ಒಮ್ಮೆಗೇ ಎತ್ತಿದ ವೈಭವವನ್ನು ವರ್ಣಿಸಿ ನಿಮ್ಮ ಊಟ ಕೆಡಿಸಲಾರೆ. ಒಳಗೆ ಕ್ಯಾನ್ಸರ್ ಇರಲಿಲ್ಲ. ಆದರೆ ಆ ದಾರಿ ಹಿಡಿದಿದ್ದ ಪುಟ್ಟದೊಂದು ಗಂಟು ಸಿಕ್ಕಿತು. ಕಿತ್ತು ತೆಗೆದರು. “ಮುಂದಿನ ವರ್ಷ ಮತ್ತ ಬರಬೇಕ್ರಿ” ಎಂದರು ವೈದ್ಯರು. “ಬರ್ತೇನ್ರಿ, ಕರೀಲಿಲ್ಲಂದ್ರೂ ಬರ್ತೇನಿ” ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು.

ವರ್ಷ ಕಳೆದು, ಮೊನ್ನೆ ಅದೇ ಪರೀಕ್ಷೆಗೆಂದು ಬಸ್ಸು ಹತ್ತಿದರೆ ಬಾಗಿಲ ಪಕ್ಕದ ಸೀಟಿನಲ್ಲಿ ಯಾರೋ ಆಸೀನರಾಗಿದ್ದರು. ಮೊದಲಾಗಿದ್ದರೆ ಕೈ ಮುಗಿದು ಬೇಡುತ್ತಿದ್ದೆ. ಈ ಸಲ ಹಿಂದೆ ಹೋಗಿ ಕಿಟಕಿಗೆ ಒರಗಿದೆ. ಬಸ್ಸು ಊರು ದಾಟುತ್ತಲೇ ಹೊಟ್ಟೆ ಒಮ್ಮೆ ಗುಡುಗಿತು.

“ಗುಡಗ ಮಗನ,” ಎಂದೆ ಮೆಲ್ಲಗೆ, “ನಿನ್ನ ನೋಡಾಕ ಹೊಂಟೇನಿ.”