ಕರುಣಕ್ಕ ಮಾಡಿದ ಬಾವಿಯ ಲೆಕ್ಕ

ತಳ ಕಾಣಲು ಹತ್ತಿರವಾದ ಬಾವಿಗೆ ಅದರದೇ ಒಂದು ವಾಸನೆ. ಪಾಚಿ, ತುಕ್ಕು, ಕೊಳೆತ ಬೇವಿನೆಲೆ, ಎಲ್ಲಕ್ಕೂ ಕೆಳಗೆ ವರ್ಷಗಳಿಂದ ಗಾಳಿ ಕಾಣದ ಮಣ್ಣು. ತುಂಬಿದ ಬಾವಿಯ ಮೇಲೆ ಎಷ್ಟು ಹೊತ್ತು ಬಗ್ಗಿ ನಿಂತರೂ ಅದು ಮೂಗಿಗೆ ಬರುವುದಿಲ್ಲ. ಹೋದ ಬೇಸಗೆಯಲ್ಲಿ ಕಮಠಾಣದ ಗೆಳತಿಯೊಬ್ಬಳ ಹೊಲಕ್ಕೆ ಹೋಗಿದ್ದೆ. ಮಾತಾಡುತ್ತ ಮಾತಾಡುತ್ತ ಬಾವಿಕಟ್ಟೆಗೆ ಒರಗಿ ಒಳಗೆ ಇಣುಕಿದೆ, ಆ ವಾಸನೆ ಥಟ್ಟನೆ ಮುಖಕ್ಕೆ ಬಡಿಯಿತು. ನಾನು ಹಾಗೇ ನಿಂತುಬಿಟ್ಟದ್ದು ನೋಡಿ ಗೆಳತಿ, "ಯಾಕ್ರಿ ಟೀಚರ್, ಒಳಗ ಏನರೆ ಬಿತ್ತೇನು?" ಎಂದಳು. ಏನೂ ಬಿದ್ದಿರಲಿಲ್ಲ. ಭಾಲ್ಕಿಯಲ್ಲಿದ್ದ ನಮ್ಮ ಸುಗುಣತ್ತೆಯ ಮನೆ ನೆನಪಾಗಿತ್ತು, ಅಷ್ಟೇ. ಆ ಮನೆ ಈಗಿಲ್ಲ. ನಿಮಗೂ ಅಂಥದೊಂದು ಮನೆ ಇದ್ದಿರಬಹುದು, ಅದರ ಬಾಗಿಲು ಯಾವ ದಿಕ್ಕಿಗಿತ್ತು ಎಂದು ಹೇಳಲು ಈಗ ನಿಮ್ಮೊಬ್ಬರನ್ನು ಬಿಟ್ಟರೆ ಯಾರೂ ಉಳಿದಿರದಂಥದು.

ಸುಗುಣತ್ತೆ ನನ್ನ ಅಪ್ಪನ ಅಕ್ಕ. ಮಾವ ಬೇಗ ತೀರಿಕೊಂಡ ಮೇಲೆ ಭಾಲ್ಕಿಯಲ್ಲಿ ಬಾಡಿಗೆ ಮನೆ ಹಿಡಿದು ಖಾನಾವಳಿ ನಡೆಸುತ್ತಿದ್ದಳು. ಔರಾದ ಕಡೆಯ ಹಳ್ಳಿಗಳಿಂದ ಕಾಲೇಜಿಗೆ ಬಂದ ಹುಡುಗರು ಎರಡು ಹೊತ್ತು ಅಲ್ಲಿ ಊಟ ಮಾಡುತ್ತಿದ್ದರು. ಮಳೆ ಕೈಕೊಟ್ಟ ವರ್ಷಗಳವು. ನಮ್ಮೂರು ಸಂತಪುರದಲ್ಲಿ ನಮ್ಮ ಓಣಿಯ ಅರ್ಧಕ್ಕರ್ಧ ಬಾಗಿಲುಗಳಿಗೆ ಬೀಗ ಬಿದ್ದಿತ್ತು. ಅಪ್ಪ ಹೈದರಾಬಾದಿನಲ್ಲಿ ದೊಡ್ಡ ಕಟ್ಟಡಗಳ ನೆಲಕ್ಕೆ ಫರ್ಸಿಕಲ್ಲು ಹಾಸುವ ಕೆಲಸಕ್ಕೆ ಹೋದ, ಅವ್ವನನ್ನೂ ಕರೆದೊಯ್ದ. ನನ್ನ ಸಾಲೆ ತಪ್ಪಬಾರದೆಂದು ಅತ್ತೆಯ ಮನೆಯಲ್ಲಿ ಬಿಟ್ಟರು. ಅತ್ತೆಯ ಒಬ್ಬಳೇ ಮಗಳು ಕರುಣಕ್ಕ ಆಗ ಪಿಯುಸಿ ಎರಡನೇ ವರ್ಷ ಓದುತ್ತಿದ್ದಳು, ಸೈನ್ಸು. ಭಾನುವಾರ ಚರ್ಚಿನಲ್ಲಿ ಹಾಡುವಾಗ ಅತ್ತೆಯ ದನಿ ಎಲ್ಲರಿಗಿಂತ ಮೇಲಿರುತ್ತಿತ್ತು. ಮನೆಗೆ ಬಂದರೆ ಅದೇ ದನಿಯಲ್ಲಿ ಹುಡುಗರನ್ನು ಬೈಯುತ್ತಿದ್ದಳು. ಠಾಣಾ ಕುಶನೂರಿನ ಶಿವರಾಜನೆಂಬ ಹುಡುಗ ತಾಟಿನಲ್ಲಿ ಕೈ ತೊಳೆಯಲು ಎರಡನೇ ಲೋಟ ನೀರು ಕೇಳಿದರೆ, "ಏನಪಾ, ಕೈ ತೊಳೀತಿಯೋ, ಎಮ್ಮಿ ಮೈ ತೊಳೀತಿಯೋ?" ಎನ್ನುವಳು. ಅವನೂ ಬಿಡುತ್ತಿರಲಿಲ್ಲ. "ನಿಮ್ಮ ಸಾರಿನಾಗ ನೀರು ಭಾಳ ಅದಲ್ರೀ ಅತ್ತಿ, ಅದರಾಗೇ ತೊಳಕೋತೇನಿ ಬಿಡ್ರಿ" ಎಂದು ಎಲ್ಲರನ್ನೂ ನಗಿಸುತ್ತಿದ್ದ. ಅತ್ತೆ ಸಿಟ್ಟಿನಿಂದಲೇ ಅವನ ತಾಟಿಗೆ ಇನ್ನೊಂದು ರೊಟ್ಟಿ ಒಗೆಯುತ್ತಿದ್ದಳು.

ಮನೆಯ ಹಿಂದೆ ಬಾವಿ. ಖಾನಾವಳಿಯ ಜೀವವೇ ಅದು. ಒಂದು ಹನಿ ಒಂದೇ ಕೆಲಸಕ್ಕೆ ಹೋಗುವಂತಿರಲಿಲ್ಲ. ನುಲಿ ಹೆಣೆದ ಹೊರಸಿನ ಮೇಲೆ ಕೂತು ಸ್ನಾನ ಮಾಡುತ್ತಿದ್ದೆವು, ಕೆಳಗೆ ಅಗಲವಾದ ಬೋಗುಣಿ ಇಟ್ಟು. ಮೈಮೇಲಿಂದ ಇಳಿದ ನೀರು ನುಲಿಯ ಸಂದಿಯಿಂದ ಬೋಗುಣಿಗೆ ಸೇರಿ ಅಂಗಳ ಸಾರಿಸಲು ಹೋಗುತ್ತಿತ್ತು. ಅಕ್ಕಿ ತೊಳೆದ ನೀರಲ್ಲಿ ಬೇಳೆ ಬೇಯುತ್ತಿತ್ತು. ಪಾತ್ರೆಗಳನ್ನು ಬೂದಿಯಲ್ಲೇ ತಿಕ್ಕಿ, ಹಳೇ ಬಟ್ಟೆಯಿಂದ ಒರೆಸಿ, ಕಡೆಗೆ ಒಂದು ಸಲ ಮಾತ್ರ ನೀರು ತೋರಿಸುತ್ತಿದ್ದರು. ಬೆಳಿಗ್ಗೆ ಕೊಡ ಇಳಿಸುವ ಮೊದಲು ಕರುಣಕ್ಕ ಕಲ್ಲು ಕಟ್ಟಿದ ಹಗ್ಗ ಬಿಟ್ಟು ನೀರಿನ ಆಳ ನೋಡುತ್ತಿದ್ದಳು. ಒದ್ದೆಯಾದಷ್ಟು ಹಗ್ಗವನ್ನು ಮೊಳದಲ್ಲೂ ಬೆರಳಲ್ಲೂ, ಮೊಳಕ್ಕೆ ಇಪ್ಪತ್ನಾಲ್ಕು ಬೆರಳಿನಂತೆ, ಅಳೆಯುವುದು ನನ್ನ ಪಾಲಿಗೆ ಬಂದ ಕೆಲಸ. ಒದ್ದೆ ಹಗ್ಗ ಕೈಗೆ ತಣ್ಣಗೆ ಹತ್ತುತ್ತಿದ್ದುದು ಇವತ್ತಿಗೂ ಬೆರಳಲ್ಲಿದೆ.

ಕರುಣಕ್ಕನಿಗೆ ಗಣಿತವೆಂದರೆ ಪ್ರಾಣ. ಬೀದರಿಗೆ ಹೋಗಿ ಬಿಎಸ್‌ಸಿ ಮಾಡಿ ಗಣಿತದ ಟೀಚರಾಗಬೇಕು ಎನ್ನುವುದೊಂದೇ ಅವಳಿಗಿದ್ದ ಆಸೆ. ಆದರೆ ಆ ವರ್ಷ ಅವಳ ಕಾಲೇಜಿನಲ್ಲಿ ಗಣಿತಕ್ಕೆ ಮೇಷ್ಟ್ರೇ ಇರಲಿಲ್ಲ. ಇದ್ದವರಿಗೆ ದೀಪಾವಳಿಯ ಹೊತ್ತಿಗೆ ಬೇರೆ ಊರಿಗೆ ವರ್ಗವಾಗಿತ್ತು, ಬದಲಿಗೆ ಯಾರೂ ಬರಲಿಲ್ಲ. ಕಲನಶಾಸ್ತ್ರದ ಪಾಠಗಳೆಲ್ಲ ಆಮೇಲಿನವು. ಅಕ್ಕ ಪುಸ್ತಕವನ್ನು ಒಲೆಯ ಪಕ್ಕದ ಗೂಡಿನಲ್ಲಿ ತೆರೆದಿಟ್ಟು, ರೊಟ್ಟಿ ಬಡಿಯುತ್ತ ತಾನೇ ಓದಿಕೊಳ್ಳುತ್ತಿದ್ದಳು. "ಎಕ್ಸ್ ಕೆಳಗಿದ್ದು ಮ್ಯಾಲ ಒಂದಿದ್ರ, ಅದರ ಇಂಟಿಗ್ರೇಷನ್ ಲಾಗ್ ಎಕ್ಸ್. ಪೋರಿ, ಅನ್ನು ನೋಡೋಣ." ನಾನು ಅನ್ನುತ್ತಿದ್ದೆ. ಏನೂ ತಿಳಿಯದಿದ್ದರೂ ಹಾಡಿನಂತೆ ಬಾಯಿಗೆ ಬಂದಿತ್ತು. ಯಾವುದೇ ಒಂದು ವಸ್ತು ತಾನು ಇದ್ದಷ್ಟಕ್ಕೆ ತಕ್ಕಂತೆ ಕರಗುತ್ತಿದ್ದರೆ, ಅದರ ಲೆಕ್ಕದಲ್ಲಿ ಈ ಲಾಗ್ ಬಂದೇ ಬರುತ್ತದೆ ಎಂದು ಅವಳು ಹೇಳುವಾಗ, ಹಿಟ್ಟು ಮೆತ್ತಿದ ಅವಳ ಕೈ ಗಾಳಿಯಲ್ಲಿ ನಿಧಾನವಾಗಿ ಇಳಿಯುವ ಒಂದು ಗೆರೆ ಎಳೆಯುತ್ತಿತ್ತು.

ಕ್ರಿಸ್‌ಮಸ್ ಕಳೆದು ಹೊಸ ವರ್ಷ ಬಂದಾಗ ಬಾವಿಯಲ್ಲಿ ಹತ್ತು ಮೊಳ ನೀರಿತ್ತು. ಅದೇ ವಾರ ಹೈದರಾಬಾದಿನಿಂದ ದೂರದ ನೆಂಟರೊಬ್ಬರು ಬಂದರು. ಅಲ್ಲೊಂದು ಮಕ್ಕಳ ಹಾಸ್ಟೆಲಿಗೆ ಅಡುಗೆಯವಳು ಬೇಕಾಗಿತ್ತು. ಜೊತೆಗೆ ಕೈಜೋಡಿಸಲು ಇನ್ನೊಬ್ಬಳು ಇರಬೇಕು, ಇರಲು ಕೋಣೆ ಕೊಡುತ್ತಾರೆ, ನಳದಲ್ಲಿ ನೀರು ಬರುತ್ತದೆ. ಆದರೆ ಈ ವಾರದಲ್ಲೇ ಬಂದು ಸೇರಬೇಕು, ಇಲ್ಲವಾದರೆ ಬೇರೆಯವರಿಗೆ ಹೋಗುತ್ತದೆ. ಅತ್ತೆ ಎರಡು ದಿನ ಹೋಗಿ ಬಂದು ಬಾವಿ ಇಣುಕಿದಳು. ಹೋದರೆ ಕರುಣಕ್ಕನ ಮಾರ್ಚಿನ ಪರೀಕ್ಷೆ ತಪ್ಪುತ್ತದೆ. ನಿಂತು, ನಡುವೆ ಬಾವಿ ಬತ್ತಿದರೆ ಖಾನಾವಳಿ ಮುಚ್ಚುತ್ತದೆ, ಆ ಕೆಲಸವೂ ಇರುವುದಿಲ್ಲ. ಮೂರನೇ ದಿನ ಮಧ್ಯಾಹ್ನ ಹುಡುಗರೆಲ್ಲ ಉಂಡು ಹೋದ ಮೇಲೆ ಮಗಳ ಮುಂದೆ ಕೂತು ಕೇಳಿದಳು. "ಪರೀಕ್ಷಾ ಮುಗಿಯೋತನಕ ಬಾವಿ ತಡೀತದೇನು, ಹೇಳು. ನೀ ತಡೀತದ ಅಂದ್ರ ನಾ ಎಲ್ಲೂ ಹೋಗಂಗಿಲ್ಲ. ನಾ ಬೆರಳಿಲೆ ಎಣಿಸೀನಿ. ದಿನಾ ಐದು ಬೆರಳ ಇಳೀಲಿಕ್ಕತ್ತದ. ಹೋಳಿ ಹುಣ್ಣಿವಿಗೆ ಮೊದಲೇ ಮುಗೀತದ."

"ಹಂಗ ಅಲ್ಲವ್ವಾ," ಎಂದಳು ಕರುಣಕ್ಕ. ಅವಳ ಕಣ್ಣುಗಳು ಹೊಳೆಯುತ್ತಿದ್ದವು. "ದಿನಾ ಒಂದೇ ಸಮ ಇಳಿಯಂಗಿಲ್ಲ. ನೀರು ಹೆಚ್ಚಿದ್ದಾಗ ಕಲ್ಲಿನ ಸಂದ್ಯಾಗ ಹೆಚ್ಚು ಸೋರ್ತದ. ಕಮ್ಮಿ ಆದಂಗ ಸೋರೋದೂ ಕಮ್ಮಿ. ನಾವೂ ಕಮ್ಮಿ ಸೇದ್ತೇವಿ. ದಿನಾ ಇದ್ದದ್ದರಾಗ ಐವತ್ತರಾಗ ಒಂದು ಪಾಲು ಹೋಗ್ತದ, ಅಷ್ಟೇ. ಇದು ನನ್ನ ಪುಸ್ತಕದಾಗಿನ ಲೆಕ್ಕ ಅದ. ತಡಿ, ಮಾಡಿ ತೋರಸ್ತೇನಿ."

ಸೀಮೆಸುಣ್ಣ ಹಿಡಿದು ಊಟದ ಕೋಣೆಯ ಫರ್ಸಿಯ ಮೇಲೆ ಬರೆಯತೊಡಗಿದಳು. ಹತ್ತು ಮೊಳ ಒಂದು ಮೊಳಕ್ಕೆ ಇಳಿಯುವವರೆಗೆ ಎಷ್ಟು ದಿನ, ಅದು ಪ್ರಶ್ನೆ. ಒಂದು ಮೊಳಕ್ಕಿಂತ ಕೆಳಗೆ ಕೊಡ ಮುಳುಗುವುದಿಲ್ಲ, ಬರೀ ಕೆಸರು. ಸಮೀಕರಣದ ಎರಡು ಕಡೆಯೂ ಇಂಟಿಗ್ರೇಷನ್ ಮಾಡಿದಳು. ಐವತ್ತನ್ನು ಹತ್ತರ ಲಾಗ್‌ನಿಂದ ಗುಣಿಸಬೇಕು ಎಂಬಲ್ಲಿಗೆ ಬಂತು. ಗೂಡಿನಿಂದ ಲಾಗ್ ಟೇಬಲ್ಲಿನ ಸಣ್ಣ ಪುಸ್ತಕ ತೆಗೆದಳು. ಹೊದಿಕೆಯೂ ಹಿಂದಿನ ಹಾಳೆಗಳೂ ಹರಿದುಹೋಗಿದ್ದ, ಯಾರೋ ಓದಿ ಬಿಟ್ಟ ಪುಸ್ತಕ. ಅದರ ಪ್ರಕಾರ ಹತ್ತರ ಲಾಗ್ ಒಂದು. ಐವತ್ತು ಗುಣಿಸು ಒಂದು, ಐವತ್ತೇ ದಿನ. ಅವಳ ಕೈ ಅಲ್ಲೇ ನಿಂತಿತು. ಮೇಲಿನಿಂದ ಮತ್ತೆ ಮಾಡಿದಳು, ಮತ್ತೆ ಅದೇ ಬಂತು. ಅತ್ತೆಯ ಬೆರಳಿನ ಲೆಕ್ಕಕ್ಕೂ ಇದಕ್ಕೂ ಹೆಚ್ಚು ಅಂತರವೇ ಇರಲಿಲ್ಲ. ಫೆಬ್ರುವರಿ ಮುಗಿಯುವುದರೊಳಗೆ ನೀರು ಮುಗಿಯುತ್ತದೆ.

ಅವಳು ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಫರ್ಸಿಯ ಮೇಲಿನ ಬರಹ ಅತ್ತೆಗೂ ತಿಳಿಯುವಂಥದಲ್ಲ, ನನಗೂ ಅಲ್ಲ. ತಡೀತದ ಅಂದುಬಿಟ್ಟಿದ್ದರೆ ಅತ್ತೆ ಒಪ್ಪಿಕೊಳ್ಳುತ್ತಿದ್ದಳು. ಕರುಣಕ್ಕ ಕಡೆಯ ಸಾಲನ್ನು ಬೆರಳಿಟ್ಟು ಇನ್ನೊಮ್ಮೆ ಓದಿದಳು. ಆಮೇಲೆ ಸೀಮೆಸುಣ್ಣ ಗೂಡಿನಲ್ಲಿಟ್ಟು, ಮೆಲ್ಲಗೆ, "ತಡಿಯಂಗಿಲ್ಲವ್ವಾ. ನೀ ಅಂದದ್ದೇ ಬರೋಬರಿ. ಹೋಗೂಣು" ಎಂದಳು.

ಆ ವಾರದಲ್ಲೇ ಖಾನಾವಳಿ ಮುಚ್ಚಿತು. ಹುಡುಗರು ತಮ್ಮ ತಮ್ಮ ತಾಟು ಲೋಟಗಳನ್ನು ಚೀಲಕ್ಕೆ ಹಾಕಿಕೊಂಡು ಬೇರೆ ಊಟದ ಮನೆ ಹುಡುಕಿಕೊಂಡು ಹೋದರು. ಶಿವರಾಜ ಕಡೆಯ ದಿನ ಬಾಗಿಲಲ್ಲಿ ನಿಂತು ಏನೋ ಚೇಷ್ಟೆ ಮಾಡಲು ನೋಡಿದ. ಬಗ್ಗಿ ಅತ್ತೆಯ ಕಾಲು ಮುಟ್ಟಿ ಹೊರಟುಬಿಟ್ಟ. ನನ್ನ ಸಾಲೆಯ ವರ್ಷ ಮುಗಿಯುವವರೆಗೆ ಅದೇ ಓಣಿಯ ಟೀಚರಮ್ಮನ ಮನೆಯಲ್ಲಿ ನನ್ನನ್ನು ಇರಿಸಿದರು. ಬಸ್ಸು ಹತ್ತುವಾಗ ಕರುಣಕ್ಕನ ಕೈಯಲ್ಲಿ ಹಿಟ್ಟಿನ ಡಬ್ಬಿ, ಹೆಗಲಿಗೆ ಹಾಸಿಗೆಯ ಸುರುಳಿ. ಪುಸ್ತಕಗಳನ್ನು ಕಾಲೇಜಿನ ಗೆಳತಿಗೆ ಕೊಟ್ಟುಬಂದಿದ್ದಳು.

ಮನೆ ಖಾಲಿಯಾದ ಮೇಲೆ ಹಿತ್ತಲಿಗೆ ತಡೆಯಿರಲಿಲ್ಲ. ಓಣಿಗೆ ಓಣಿಯೇ ಆ ಬಾವಿಗೆ ಬಂತು. ಖಾನಾವಳಿ ಇದ್ದಾಗ ಸೇದಿದ್ದಕ್ಕಿಂತ ಹೆಚ್ಚೇ ಸೇದಿದರು. ನಾನೂ ಟೀಚರಮ್ಮನ ಕೊಡ ಹಿಡಿದು ಹೋಗುತ್ತಿದ್ದೆ, ಹೋದಾಗೆಲ್ಲ ಅಭ್ಯಾಸಬಲದಿಂದ ಕಲ್ಲಿನ ಹಗ್ಗ ಬಿಡುತ್ತಿದ್ದೆ. ಫೆಬ್ರುವರಿ ಹೋಯಿತು. ಹೋಳಿಯ ಬಣ್ಣ ತೊಳೆಯಲು ಹೆಂಗಸರು ಅಲ್ಲಿಗೇ ಮಕ್ಕಳನ್ನು ಎಳೆದುಕೊಂಡು ಬಂದರು. ಕಾಲೇಜಿನವರ ಪರೀಕ್ಷೆ ಶುರುವಾಗಿ ಮುಗಿದೂ ಹೋಯಿತು. ಏಪ್ರಿಲ್‌ನಲ್ಲಿ ಅಪ್ಪ ಬಂದು ನನ್ನನ್ನು ಹೈದರಾಬಾದಿಗೆ ಕರೆದೊಯ್ಯುವ ದಿನವೂ ಹಗ್ಗ ಎರಡು ಮೊಳದ ಹತ್ತಿರ ಒದ್ದೆಯಾಗಿ ಬಂತು.

ಹಾಸ್ಟೆಲಿನ ಅಡುಗೆಮನೆ ನಮ್ಮ ಇಡೀ ಖಾನಾವಳಿಗಿಂತ ದೊಡ್ಡದು. ಹೊಗೆಯಲ್ಲಿ ಕರುಣಕ್ಕನ ಗುರುತೇ ಸಿಗಲಿಲ್ಲ, ಅಷ್ಟು ಬತ್ತಿದ್ದಳು. ಅತ್ತೆ ಅಂಗಡಿಗೆ ಹೋಗಿದ್ದಳು. ನನ್ನನ್ನು ಕಂಡು ಅಕ್ಕ ಅಪ್ಪಿಕೊಂಡಳು, ಊರಿನ ಸುದ್ದಿ ಒಂದೊಂದಾಗಿ ಕೇಳಿದಳು. ನಾನು ಹಿಗ್ಗಿನಿಂದ, "ನಮ್ಮ ಬಾವಿ ಇನ್ನಾ ಬತ್ತಿಲ್ಲಕ್ಕಾ! ಎರಡು ಮೊಳ ಅದ, ನಾನೇ ಅಳದೀನಿ" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಖರೇನ? ಯಾವಾಗ?" ಎಂದು ಎರಡು ಸಲ ಕೇಳಿದಳು. ಒಲೆಯ ಮುಂದಿನಿಂದ ಇದ್ದಿಲು ಎತ್ತಿಕೊಂಡು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಳು. ಭಾಲ್ಕಿಯಲ್ಲಿ ಬರೆದದ್ದನ್ನೇ ಮತ್ತೆ ಬರೆದಳು, ಒಂದು ಸಾಲೂ ಮರೆತಿರಲಿಲ್ಲ. ಕಡೆಯ ಸಾಲಿನಲ್ಲಿ ತಡೆದಳು. ತುಟಿ ಅಲ್ಲಾಡುತ್ತಿತ್ತು. ಒಂದು ಅಂಕಿ ಬರೆದು ಐವತ್ತನ್ನು ಅದರಿಂದ ಗುಣಿಸಿ ನೋಡಿದಳು, ಆಮೇಲೆ ಇದ್ದಿಲು ಕೆಳಗಿಟ್ಟಳು. "ಎರಡು ಪಾಯಿಂಟ್ ಮೂರು ಸೊನ್ನಿ ಮೂರು," ಎಂದಳು, ನನಗಲ್ಲ, ನೆಲಕ್ಕೆ. "ಕೆಮಿಸ್ಟ್ರಿ ಲೆಕ್ಕದಾಗ ದಿನಾ ಬರೀತಿದ್ದೆ ಇದನ್ನ. ಬಾಯಿಪಾಠ. ಯಾಕ ಬರೀತೇವಿ ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ." ಹೊರಗೆ ಅತ್ತೆಯ ದನಿ ಕೇಳಿಸಿತು. ಅಕ್ಕ ಸೆರಗಿನಿಂದ ನೆಲ ಒರೆಸಿ ನನ್ನ ಕೈ ಗಟ್ಟಿಯಾಗಿ ಹಿಡಿದಳು. "ಅವ್ವ ಕೇಳಿದ್ರ ಬಾವಿ ಬತ್ತ್ಯದ ಅನ್ನು. ಹೋಳಿಗೆ ಮೊದಲೇ ಬತ್ತಿತು ಅನ್ನು, ನನ್ನವ್ವಾ."

ಅತ್ತೆ ಬಂದವಳು ಮೊದಲು ಕೇಳಿದ್ದೇ ಅದು. ನಾನು ಅಕ್ಕ ಹೇಳಿಕೊಟ್ಟಂತೆ ಅಂದೆ. ಅತ್ತೆ ಕೈಚೀಲವನ್ನೂ ಕೆಳಗಿಡದೆ ಅಲ್ಲಿದ್ದ ಹೆಂಗಸರ ಕಡೆ ತಿರುಗಿದಳು. "ಕೇಳಿದ್ರೇನ್ರವಾ! ನನ್ನ ಮಗಳು ಜನವರಿದಾಗೇ ನೆಲದ ಮ್ಯಾಲ ಬರದು ಹೇಳಿದ್ಲು. ಆಕಿ ಲೆಕ್ಕ ಇರಲಿಲ್ಲ ಅಂದ್ರ ನಾವು ಇವತ್ತು ಬೀದ್ಯಾಗ!" ಕರುಣಕ್ಕ ಒಲೆಗೆ ಕಟ್ಟಿಗೆ ನೂಕುತ್ತಿದ್ದಳು.

ಆ ಅಂಕಿಯ ಅರ್ಥ ನನಗಾದದ್ದು ಎಷ್ಟೋ ವರ್ಷಗಳ ಮೇಲೆ, ಬೀದರಿನ ಕಾಲೇಜಿನಲ್ಲಿ. ಕಲನಶಾಸ್ತ್ರದಲ್ಲಿ ತಾನಾಗಿ ಹುಟ್ಟುವುದು ಸ್ವಾಭಾವಿಕ ಲಾಗ್, ಟೇಬಲ್ಲಿನಲ್ಲಿ ಅಚ್ಚಾಗಿರುವುದು ಹತ್ತನ್ನು ಆಧಾರವಾಗಿ ಇಟ್ಟುಕೊಂಡದ್ದು, ಅದರಿಂದ ಇದಕ್ಕೆ ಬರಬೇಕಾದರೆ ಎರಡು ಪಾಯಿಂಟ್ ಮೂರು ಸೊನ್ನೆ ಮೂರರಿಂದ ಗುಣಿಸಬೇಕು ಎಂದು ಮೇಡಂ ಬೋರ್ಡಿನ ಮೂಲೆಯಲ್ಲಿ ಬರೆದು ಮುಂದಕ್ಕೆ ಹೋದರು. ಹೇಳಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ನಾನು ಬೆಂಚಿನ ಮೇಲೆ ಕೂತು ಐವತ್ತನ್ನು ಅದರಿಂದ ಗುಣಿಸಿದೆ. ನೀರು ಏಪ್ರಿಲ್ ಕೊನೆಯವರೆಗೆ ಬರುತ್ತಿತ್ತು, ನಾನು ಊರು ಬಿಟ್ಟ ದಿನದವರೆಗೆ ಬಂದೂ ಇತ್ತು. ನೀರು ಇಳಿಯುವ ರೀತಿಯ ಬಗ್ಗೆ ಕರುಣಕ್ಕ ತನ್ನ ಅವ್ವನಿಗೆ ಹೇಳಿದ್ದೆಲ್ಲ ಸರಿಯಿತ್ತು. ಅರ್ಧ ನಿಮಿಷ ಅವಳ ಮುಂದೆ ನಿಂತು ಇದೊಂದು ಹೇಳುವವರು ಭಾಲ್ಕಿಯಲ್ಲಿ ಆ ವರ್ಷ ಇರಲಿಲ್ಲ.

ತಪ್ಪಿದ ಪರೀಕ್ಷೆಯನ್ನು ಮುಂದಿನ ವರ್ಷ ಬರೀತೇನಿ ಎಂದಿದ್ದಳು ಅವಳು. ಮುಂದಿನ ವರ್ಷ ಅತ್ತೆಗೆ ಉಬ್ಬಸ ಶುರುವಾಯಿತು, ಇಬ್ಬರ ಕೆಲಸ ಅವಳೊಬ್ಬಳ ಮೇಲೆ ಬಿತ್ತು. ಅದರ ಮುಂದಿನ ವರ್ಷ ಅವಳು ಆ ಮಾತು ಆಡಲಿಲ್ಲ, ನಾವೂ ಕೇಳುವುದನ್ನು ಬಿಟ್ಟೆವು. ಗಣಿತದ ಟೀಚರಾದದ್ದು ನಾನು. ಕೆಲಸ ಸಿಕ್ಕ ಸುದ್ದಿ ಹೇಳಲು ಹೋದಾಗ, "ಈಗರೆ ನಿಮ್ಮವ್ವಗ ಖರೇ ಹೇಳಿಬಿಡಕ್ಕಾ" ಎಂದಿದ್ದೆ. ಅವಳು ತಲೆಯಾಡಿಸಿದಳು. "ಆಕಿ ಕಡೆ ಇರೋದು ಆ ಲೆಕ್ಕ ಒಂದೇ, ಪೋರಿ. ಅದನ್ನೂ ಕಸಗೊಂಡು ನಾ ಏನ್ ಮಾಡ್ಲಿ?"

ಅತ್ತೆಯನ್ನು ಹೈದರಾಬಾದಿನಲ್ಲೇ ಮಣ್ಣು ಮಾಡಿದೆವು. ಭಾಲ್ಕಿಯಿಂದ ಯಾರೂ ಬರಲಿಲ್ಲ, ಬರಲು ಅಲ್ಲಿ ನಮ್ಮವರು ಯಾರೂ ಉಳಿದಿರಲಿಲ್ಲ. ಪಾದ್ರಿಯವರ ಪ್ರಾರ್ಥನೆ ಮುಗಿದು ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದ ಮೇಲೆ, ಹಾಸ್ಟೆಲಿನ ಮುದುಕಿಯೊಬ್ಬಳು, ಬೀದರ ಕಡೆಯವಳೇ, ಕರುಣಕ್ಕನ ಹೆಗಲ ಮೇಲೆ ಕೈಯಿಟ್ಟು, "ನಿಮ್ಮವ್ವ ಸಾಯೋತನಕ ಹೇಳ್ತಿದ್ರು ಮಗಳ, ನಿನ್ನ ಲೆಕ್ಕ ನಿಮ್ಮನ್ನ ಉಳಿಸ್ತು ಅಂತ. ಅಷ್ಟು ಬರೋಬರಿ ಬಂದಿತ್ತೇನು?" ಎಂದು ಕೇಳಿದಳು.

ಕರುಣಕ್ಕ ಕೈಗೆ ಮೆತ್ತಿದ ಹಸಿ ಮಣ್ಣು ಉಜ್ಜಿಕೊಂಡಳು.

"ಹೌದ್ರಿ," ಎಂದಳು. "ಬರೋಬರಿ ಬಂದಿತ್ತು."

ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಗೇಟಿನ ಕಡೆ ನಡೆದಳು. ಮಕ್ಕಳು ಸಾಲೆಯಿಂದ ಬರುವ ಹೊತ್ತಾಗಿತ್ತು, ಸಂಜೆಯ ಅನ್ನಕ್ಕೆ ಇನ್ನೂ ಎಸರು ಇಟ್ಟಿರಲಿಲ್ಲ.