ಬಡಗಿಯ ಕಣ್ಣು, ಬಡಗಿಯ ಕೈ

ನಮ್ಮ ಯಜಮಾನರು ಬಡಗಿ. ಮಂಚ, ಕುರ್ಚಿ ಮಾಡುವವರಲ್ಲ. ಒಂದು ಪ್ರಯೋಗಾಲಯಕ್ಕೆ ಬೆಂಕಿಪೊಟ್ಟಣದಷ್ಟು ಮರದ ತುಂಡುಗಳನ್ನು ಮಾಡಿಕೊಡುವವರು. ಒಂದಕ್ಕಿಂತ ಇನ್ನೊಂದು ಕೂದಲೆಳೆಯಷ್ಟು ಮಾತ್ರ ದಪ್ಪವಿರಬೇಕು. ಮನುಷ್ಯ ಕಣ್ಣನ್ನು ಎಷ್ಟು ನಂಬುತ್ತಾನೆ, ಕೈಯನ್ನು ಎಷ್ಟು ನಂಬುತ್ತಾನೆ, ಮೆದುಳು ಎರಡನ್ನೂ ಹೇಗೆ ಸೇರಿಸುತ್ತದೆ ಎಂದು ಅಲ್ಲಿ ಅಳೆಯುತ್ತಾರೆ. ಅಳೆಯುವುದಕ್ಕೆ ಬೇರೇನೂ ಸಿಗಲಿಲ್ಲವೇ ಇವರಿಗೆ ಅಂತ ನಾನು ನಗುತ್ತಿದ್ದೆ.

ಅವತ್ತು ನಾನು ಊಟದ ಡಬ್ಬಿ ಕೊಡಲು ಹೋಗಿದ್ದೆ. ಪರೀಕ್ಷೆಗೆ ಬರಬೇಕಾದವರು ಬಂದಿರಲಿಲ್ಲ; ಪರೀಕ್ಷೆ ನಡೆಸುವ ಮೇಡಂ ಕಾಯುತ್ತಿದ್ದರು. ನಮ್ಮ ಯಜಮಾನರು ಎದೆಯುಬ್ಬಿಸಿ ಮುಂದೆ ಬಂದರು.

"ನಾನೇ ಕೂತ್ಕೋತೀನಿ ಮೇಡಂ. ನಾನು ಮಾಡಿದ ತುಂಡು ನನಗೇ ಟೋಪಿ ಹಾಕುತ್ತಾ?"

ಮೇಡಂ ನನ್ನನ್ನೂ ಮೂಲೆಯ ಸ್ಟೂಲಿನಲ್ಲಿ ಕೂರಿಸಿದರು. ಇವರ ಕಣ್ಣಿಗೊಂದು ಕನ್ನಡಕ. ಅದರಲ್ಲಿ ತುಂಡು ಇರುವುದಕ್ಕಿಂತ ದಪ್ಪವಾಗಿ ಕಾಣುತ್ತದೆ. ಕಾಣುವುದು ತುಂಡು ಮಾತ್ರ; ಪರದೆಯ ಹಿಂದಿನಿಂದ ಬೆರಳು ಅದೇ ತುಂಡನ್ನು ಹಿಡಿದಿರುತ್ತದೆ. ಎಷ್ಟು ದಪ್ಪ ಅಂತ ಹೇಳಬೇಕು, ಅಷ್ಟೇ. ಹೆಚ್ಚಿನವರು ಕಣ್ಣು ಹೇಳಿದ ಕಡೆಗೇ ವಾಲುತ್ತಾರಂತೆ. ಇವರು ಪ್ರತಿ ಸಲವೂ ಕೈ ಹೇಳಿದ್ದನ್ನೇ ಹೇಳಿದರು. ಗೆದ್ದೆ ಎಂಬಂತೆ ನನ್ನ ಕಡೆ ತಿರುಗಿ ಬೀಗಿದರು.

ಮೇಡಂ ಮಾತ್ರ ನಗಲಿಲ್ಲ. ಕನ್ನಡಕ ತೆಗೆಸಿ, ಮುಟ್ಟದೆ ಬರೀ ನೋಡಿ ಹೇಳಿ ಎಂದರು. ಆಗ ಇವರ ಉತ್ತರಗಳು ದಿಕ್ಕಾಪಾಲಾದವು.

"ಯಾವುದರ ಮೇಲೆ ಭರವಸೆ ಇಲ್ವೋ, ಮೆದುಳು ಅದರ ಮಾತು ಕೇಳೋದನ್ನ ಕಮ್ಮಿ ಮಾಡುತ್ತೆ," ಎಂದ ಮೇಡಂ ಮೆಲ್ಲಗೆ ಕೇಳಿದರು, "ಎಷ್ಟು ದಿನದಿಂದ ಕಣ್ಣು ಮಂಜು?"

ಇವರು ತಲೆ ತಗ್ಗಿಸಿದರು. "ವರ್ಷ ಆಯ್ತು. ಬೆರಳಲ್ಲೇ ಸವರಿ ಸವರಿ ಸುಧಾರಿಸ್ತಿದ್ದೆ. ಕಣ್ಣಿಲ್ಲದ ಬಡಗೀನ ಯಾರು ಇಟ್ಕೋತಾರೆ, ಮೇಡಂ?"

"ಮೊದಲು ಡಾಕ್ಟರಿಗೆ ತೋರಿಸಿ. ಪೊರೆ ಆಗಿದ್ರೆ ತೆಗೀತಾರೆ. ನಿಮ್ಮ ಕೆಲಸ ಎಲ್ಲೂ ಹೋಗಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಒಂದೇ ಸೂರಿನಡಿ ಇದ್ದೂ ನನಗೆ ಗೊತ್ತಾಗಲಿಲ್ಲ; ಆ ಮೇಡಂಗೆ ಅರ್ಧ ಗಂಟೆ ಸಾಕಾಯಿತು. ಬಸ್ ಸ್ಟಾಪಿನಲ್ಲಿ ಜನ ನೋಡುತ್ತಿದ್ದರೂ ಬಾಯಿಗೆ ಬಂದಂತೆ ಬೈದೆ. ಬೈದು ಬೈದು ಸುಸ್ತಾಗಿ, ಎದುರಿಗೆ ನಿಂತು ಕೇಳಿದೆ.

"ನನ್ನ ಮುಖನಾದ್ರೂ ಕಾಣುತ್ತಾ ನಿಮಗೆ?"

"ಸುಮ್ಮನಿದ್ರೆ ಮಬ್ಬು ಕಣೇ. ನೀನು ಮಾತಾಡಿದ್ರೆ ಪೂರ್ತಿ ಕಾಣ್ತೀಯ."

ಅಳು ಒತ್ತರಿಸಿ ಬಂತು. ಆದರೆ ಸುಮ್ಮನಾಗುವ ಹಾಗಿರಲಿಲ್ಲವಲ್ಲ. ಬಸ್ಸು ಹತ್ತಿದೆವು. ಮನೆ ಬರುವವರೆಗೂ ಬೈಯುತ್ತಲೇ ಇದ್ದೆ.